ಮುಂಬಾಗಿಲು, ಹಿಂಬಾಗಿಲು ಮತ್ತು ಒಂದು ಹಾಡು

(ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



1974ರ ಅಕ್ಟೋಬರ್ ತಿಂಗಳು. ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರ. ನಾಲ್ವರು ಅಕ್ಕತಂಗಿಯರು ಒಂದು ಔತಣಕೂಟಕ್ಕೆ ಹೋದರು. ಔತಣ ಏರ್ಪಾಡಾಗಿದ್ದುದು ಅವರ ಗೌರವಾರ್ಥವಾಗಿಯೇ. ಆದರೆ ಬಾಗಿಲಲ್ಲಿ ಅವರನ್ನು ಕಂಡವರು ಹಿಂಬಾಗಿಲಿನ ಕಡೆಗೆ ಹೋಗುವಂತೆ ಹೇಳಿದರು. ಬಂದವರು ಕಪ್ಪು ಹೆಂಗಸರು. ಹಾಗಾದರೆ ಅಡುಗೆಗೋ ಬಡಿಸುವುದಕ್ಕೋ ಬಂದವರಿರಬೇಕು ಎಂಬುದು ಅವರ ಎಣಿಕೆ. ಈ ಪ್ರಸಂಗವನ್ನು ಅವರಲ್ಲಿ ಎರಡನೆಯವರಾದ ಅನಿತಾ ಪಾಯಿಂಟರ್ ಮುಂದೆ ಅನೇಕ ಸಲ ನೆನಪಿಸಿಕೊಂಡಿದ್ದಾರೆ.

ಆ ನಾಲ್ವರ ತಂಡದ ಹೆಸರು 'ಪಾಯಿಂಟರ್ ಸಿಸ್ಟರ್ಸ್'. ಹೆಸರು ನೆನಪಿಲ್ಲದವರಿಗೂ ಎಂಬತ್ತರ ದಶಕದ ಅವರ 'ಐ ಆಮ್ ಸೋ ಎಕ್ಸೈಟೆಡ್' ಹಾಡು ಎಲ್ಲಾದರೂ ಕಿವಿಗೆ ಬಿದ್ದಿರುತ್ತದೆ. ನಾನು ಇವತ್ತು ಹೇಳಹೊರಟಿರುವುದು ಆ ಹಾಡಿನ ಮಾತಲ್ಲ. ಅದಕ್ಕಿಂತ ಮುಂಚೆ ಈ ಸೋದರಿಯರು ಹಾಡಿದ 'ಫೇರಿಟೇಲ್' ಎಂಬ ಇನ್ನೊಂದು ಹಾಡಿನ ಮಾತು. ಕಪ್ಪು ಹುಡುಗಿಯರು ಬರೆದು, ಹಾಡಿ, ಬಿಳಿಯರ ಸಂಗೀತ ಎಂದು ಎಲ್ಲರೂ ನಂಬಿದ್ದ 'ಕಂಟ್ರಿ' ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ತಂದ ಹಾಡು ಅದು. ಒಂದು ಸಂಗೀತ ಯಾರದ್ದು? ಅದನ್ನು ತೀರ್ಮಾನಿಸುವವರು ಯಾರು? ಒಬ್ಬರು ಒಳಗೆ ಹೋದ ಮೇಲೆ ಬಾಗಿಲು ತೆರೆದೇ ಇರುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಇವರ ಕಥೆಯನ್ನು ನೋಡೋಣ.

ಮೊದಲು ಎರಡು ಶಬ್ದಗಳನ್ನು ಬಿಡಿಸಿಕೊಳ್ಳಬೇಕು. 'ಕಂಟ್ರಿ' ಎಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಿಂದ ಬಂದ ಸಂಗೀತ. ಪಿಟೀಲು, ಬ್ಯಾಂಜೊ, ಗಿಟಾರುಗಳ ಹಿಮ್ಮೇಳ. ಆಮೇಲೆ ಸೇರಿಕೊಂಡ ಸ್ಟೀಲ್ ಗಿಟಾರು. ಹಳೆಯ ಹಿಂದಿ ಚಿತ್ರಗೀತೆಗಳಲ್ಲಿ ಜಾರುತ್ತ ಅಳುವಂತೆ ಕೇಳುತ್ತದಲ್ಲ, ಆ ಹವಾಯಿಯನ್ ಗಿಟಾರಿನ ಹತ್ತಿರದ ನೆಂಟ ಅದು. ಮುರಿದ ಮನಸ್ಸು, ಬಿಟ್ಟುಬಂದ ಊರು, ಕುಡಿತ, ದೇವರು - ಇವೇ ವಸ್ತು. ಇನ್ನು 'ಸೋಲ್'. ಇದು ನಮ್ಮ ಗೆಲುವು ಸೋಲುಗಳ ಸೋಲಲ್ಲ. ಆತ್ಮ ಎಂಬ ಅರ್ಥದ ಮಾತು. ಕಪ್ಪು ಜನರ ಚರ್ಚುಗಳಲ್ಲಿ ದೇವರನ್ನು ಕೂಗಿ ಕರೆಯುವ ಹಾಡಿನ ರೀತಿಯನ್ನು ಪ್ರೇಮಗೀತೆಗೆ ತಂದಾಗ ಹುಟ್ಟಿದ್ದು. ವಸ್ತುವಿನಲ್ಲಿ ಎರಡಕ್ಕೂ ಎಷ್ಟು ಹತ್ತಿರ ನೋಡಿ. ಎರಡೂ ಬಡವರ ಹಾಡು, ಎರಡರ ಹಿಂದೆಯೂ ಚರ್ಚಿನ ಗಂಟೆ. ಎರಡೂ ಕಲೆತಾಗ ಬರುವುದೇ 'ಕಂಟ್ರಿ ಸೋಲ್'. 1960ರ ದಶಕದಲ್ಲಿ ಮೆಂಫಿಸ್ ನಗರದಲ್ಲಿ, ಅಲಬಾಮಾದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನಲ್ಲಿ ಬಿಳಿಯ ವಾದ್ಯಗಾರರೂ ಕಪ್ಪು ಗಾಯಕರೂ ಒಂದೇ ಕೋಣೆಯಲ್ಲಿ ಕೂತು ಇಂಥ ಹಾಡುಗಳನ್ನು ಧ್ವನಿಮುದ್ರಿಸಿದರು. ಹೊರಗೆ ಬೀದಿಯಲ್ಲಿ ಅವರು ಒಂದೇ ಮೇಜಿನಲ್ಲಿ ಕೂತು ಊಟ ಮಾಡುವುದು ಕಷ್ಟವಾಗಿದ್ದ ಕಾಲ ಅದು.

ಇಷ್ಟು ಹತ್ತಿರದ ಎರಡು ಸಂಗೀತಗಳ ನಡುವೆ ಬೇಲಿ ಎಲ್ಲಿಂದ ಬಂತು? ಅದನ್ನು ಹಾಕಿದ್ದು ಹಾಡುಗಾರರಲ್ಲ, ವ್ಯಾಪಾರ. 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ರೆಕಾರ್ಡು ಚೆನ್ನಾಗಿ ಮಾರಾಟವಾಯಿತು. 1923ರಲ್ಲಿ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುಗಾರನ ರೆಕಾರ್ಡೂ ಮಾರಾಟವಾಯಿತು. ಕಂಪನಿಗಳು ಎರಡು ಪಟ್ಟಿ ಮಾಡಿದವು. ಕಪ್ಪು ಕೊಳ್ಳುಗರಿಗೆ 'ರೇಸ್' ರೆಕಾರ್ಡುಗಳು, ಬಿಳಿಯ ಹಳ್ಳಿಗರಿಗೆ 'ಹಿಲ್‌ಬಿಲಿ' ರೆಕಾರ್ಡುಗಳು. 1949ರಲ್ಲಿ 'ಬಿಲ್‌ಬೋರ್ಡ್' ಪತ್ರಿಕೆ ಈ ಹೆಸರುಗಳನ್ನು ಕೊಂಚ ಮರ್ಯಾದಸ್ಥವಾಗಿ ಬದಲಾಯಿಸಿತು: ಒಂದು ಕಡೆ 'ರಿದಮ್ ಅಂಡ್ ಬ್ಲೂಸ್', ಇನ್ನೊಂದು ಕಡೆ 'ಕಂಟ್ರಿ ಅಂಡ್ ವೆಸ್ಟರ್ನ್'. ಹೆಸರು ಬದಲಾದರೂ ಬೇಲಿ ಅಲ್ಲೇ ಉಳಿಯಿತು. ರೇಡಿಯೊ ಕೇಂದ್ರಗಳು, ಅಂಗಡಿಯ ಕಪಾಟುಗಳು, ಪ್ರಚಾರದ ಸಿಬ್ಬಂದಿ ಎಲ್ಲವೂ ಆ ಗೆರೆಯಂತೆಯೇ ಎರಡಾದವು.

ಬೇಲಿಯ ಕೆಳಗೆ ಬೇರುಗಳು ಮಾತ್ರ ಹೆಣೆದುಕೊಂಡೇ ಇದ್ದವು. ಕಂಟ್ರಿಯ ಗುರುತೇ ಆಗಿರುವ ಬ್ಯಾಂಜೊ ವಾದ್ಯದ ಮೂಲ ಆಫ್ರಿಕದ್ದು. ಗುಲಾಮರಾಗಿ ಬಂದವರ ನೆನಪಿನಲ್ಲಿ ಕಡಲು ದಾಟಿ ಬಂದದ್ದು. ಕಂಟ್ರಿಯ ಮಹಾಗಾಯಕ ಹ್ಯಾಂಕ್ ವಿಲಿಯಮ್ಸ್ ಹುಡುಗನಾಗಿದ್ದಾಗ ಪಾಠ ಕಲಿತದ್ದು ರೂಫಸ್ ಪೇನ್ ಎಂಬ ಕಪ್ಪು ಬೀದಿ ಹಾಡುಗಾರನಿಂದ. ನ್ಯಾಶ್‌ವಿಲ್‌ನಲ್ಲಿ ಕಂಟ್ರಿಯ ದೇವಸ್ಥಾನ ಎನ್ನಿಸಿಕೊಂಡ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೊ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬ ಡಿಫೋರ್ಡ್ ಬೇಲಿ ಎಂಬ ಕಪ್ಪು ಹಾರ್ಮೋನಿಕಾ ವಾದಕ. ರೇಡಿಯೊದಲ್ಲಿ ಅವನ ನುಡಿಸುವಿಕೆ ಎಲ್ಲರಿಗೂ ಬೇಕು. ಪ್ರವಾಸ ಹೊರಟಾಗ ತಂಡದ ಉಳಿದವರು ಇಳಿಯುವ ಹೋಟೆಲುಗಳಲ್ಲಿ ಅವನಿಗೆ ಜಾಗವಿಲ್ಲ. 1941ರಲ್ಲಿ ಅವನನ್ನು ಕೆಲಸದಿಂದ ಬಿಡಿಸಿದರು. ಆಮೇಲೆ ಅವನು ನ್ಯಾಶ್‌ವಿಲ್‌ನಲ್ಲಿಯೇ ಬೂಟ್ ಪಾಲಿಶ್ ಅಂಗಡಿ ಇಟ್ಟು ಬದುಕಿದ.

ಈಗ ಪಾಯಿಂಟರ್ ಮನೆತನಕ್ಕೆ ಬರೋಣ. ತಂದೆ ಎಲ್ಟನ್ ಪಾಯಿಂಟರ್ ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡ್‌ನಲ್ಲಿ ಒಂದು ಚರ್ಚಿನ ಪಾದ್ರಿ. ತಾಯಿ ಸೇರಾ. ಇಬ್ಬರ ಮೂಲವೂ ದಕ್ಷಿಣದ ಆರ್ಕನ್ಸಾ ರಾಜ್ಯ. ಆರು ಮಕ್ಕಳು. ಇಬ್ಬರು ಗಂಡುಮಕ್ಕಳು, ಆಮೇಲೆ ರೂತ್, ಅನಿತಾ, ಬಾನಿ, ಜೂನ್. ರೂತ್ ಹುಟ್ಟಿದ್ದು 1946ರಲ್ಲಿ, ಕೊನೆಯವರಾದ ಜೂನ್ 1953ರಲ್ಲಿ. ಪಾದ್ರಿಯ ಮನೆ, ಚರ್ಚಿನ ಹಾಡು ಬಿಟ್ಟರೆ ಉಳಿದದ್ದೆಲ್ಲ ಸೈತಾನನ ಸಂಗೀತ. ಆದರೂ ತಾಯಿ ಮನಸ್ಸು ಕರಗಿ ಅನಿತಾಗೆ ಒಂದು ರೆಕಾರ್ಡು ಇಟ್ಟುಕೊಳ್ಳಲು ಒಪ್ಪಿದರಂತೆ. ಅದು ಎಲ್ವಿಸ್ ಪ್ರೀಸ್ಲಿಯ ಹಾಡು. ಈ ಸಣ್ಣ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅನಿತಾ ಬಾಲ್ಯದ ಕೆಲವು ವರ್ಷಗಳನ್ನು ಆರ್ಕನ್ಸಾದ ಪ್ರೆಸ್ಕಾಟ್ ಎಂಬ ಊರಿನಲ್ಲಿ ಅಜ್ಜ ಅಜ್ಜಿಯರ ಜೊತೆ ಕಳೆದರು. ಅಲ್ಲಿ ಕಪ್ಪು ಮಕ್ಕಳಿಗೆ ಬೇರೆಯೇ ಶಾಲೆ. ಆದರೆ ರೇಡಿಯೊ ಅಲೆಗಳಿಗೆ ಬೇರೆ ಬೇರೆ ಆಕಾಶ ಮಾಡಲು ಯಾರಿಂದಲೂ ಆಗಲಿಲ್ಲ. ಆ ಊರಿನ ಗಾಳಿಯಲ್ಲಿ ತೇಲುತ್ತಿದ್ದುದು ಕಂಟ್ರಿ ಹಾಡುಗಳು. ಹೀಗಾಗಿ ಅನಿತಾಗೆ ಕಂಟ್ರಿ ಎಂಬುದು ಪರರ ಸಂಗೀತ ಆಗಿರಲಿಲ್ಲ, ಅಜ್ಜಿಮನೆಯ ಸಂಗೀತವಾಗಿತ್ತು. ಮುಂದೆ ಜನ ನೀವೇಕೆ ಬಿಳಿಯರ ಹಾಡು ಹಾಡುತ್ತೀರಿ ಎಂದು ಕೇಳಿದಾಗಲೆಲ್ಲ ಅವರ ಉತ್ತರದ ಸಾರ ಇದೇ ಆಗಿತ್ತು.

1969ರ ಸುಮಾರಿಗೆ ಬಾನಿ ಮತ್ತು ಜೂನ್ ಕ್ಲಬ್ಬುಗಳಲ್ಲಿ ಹಾಡತೊಡಗಿದರು. ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಅನಿತಾ ಅವರನ್ನು ಕೇಳಲು ಹೋದವರು ಕೆಲಸ ಬಿಟ್ಟು ಸೇರಿಕೊಂಡರು. ಹಲವು ಪ್ರಸಿದ್ಧರ ಹಿಂದೆ ನಿಂತು ಸಹಗಾಯನ ಮಾಡಿದರು. ಒಂದು ದೊಡ್ಡ ಕಂಪನಿಗೆ ಹಾಡಿದ ಮೊದಲ ರೆಕಾರ್ಡುಗಳು ಬಿಕರಿಯಾಗಲಿಲ್ಲ. 1972ರ ಕೊನೆಗೆ ಹಿರಿಯಕ್ಕ ರೂತ್ ಕೂಡಿಕೊಂಡರು. 1973ರಲ್ಲಿ 'ಬ್ಲೂ ಥಂಬ್' ಎಂಬ ಸಣ್ಣ ಕಂಪನಿಯಿಂದ ಮೊದಲ ಆಲ್ಬಂ ಬಂತು. ಅದರ 'ಯೆಸ್ ವಿ ಕ್ಯಾನ್ ಕ್ಯಾನ್' ಎಂಬ ಹಾಡು ದೇಶದ ಸಾಮಾನ್ಯ ಜನಪ್ರಿಯ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಏರಿತು.

ಜನ ಬೆರಗಾದದ್ದು ಹಾಡಿಗಷ್ಟೇ ಅಲ್ಲ, ವೇಷಕ್ಕೂ. ಹಳೆಬಟ್ಟೆ ಅಂಗಡಿಗಳಲ್ಲಿ ಹುಡುಕಿ ತಂದ 1940ರ ದಶಕದ ಉಡುಪು, ಹೂವಿನ ಟೊಪ್ಪಿಗೆ. ದುಡ್ಡಿಲ್ಲದ್ದರಿಂದ ಹಳೆಬಟ್ಟೆ, ಅದೇ ಅವರ ಗುರುತಾಯಿತು. ಒಂದೇ ಕಛೇರಿಯಲ್ಲಿ ಜಾಸ್, ಬ್ಲೂಸ್, ಕುಣಿತದ ಹಾಡು, ಚರ್ಚಿನ ಮೇಳ ಎಲ್ಲವೂ ಇರುತ್ತಿದ್ದವು. 1974ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಆಪೆರಾ ಹೌಸಿನಲ್ಲಿ ಹಾಡಿದರು. ಶಾಸ್ತ್ರೀಯ ಸಂಗೀತಕ್ಕೆ ಮೀಸಲಾಗಿದ್ದ ಆ ವೇದಿಕೆಯಲ್ಲಿ ಜನಪ್ರಿಯ ಸಂಗೀತದ ತಂಡ ಹಾಡಿದ್ದು ಅದೇ ಮೊದಲು. ಯಾವ ಕಪಾಟಿನಲ್ಲಿಡಬೇಕೆಂದು ಅಂಗಡಿಯವನು ತಲೆ ಕೆರೆದುಕೊಳ್ಳುವಂಥ ತಂಡ ಇದು.

'ಫೇರಿಟೇಲ್' ಹುಟ್ಟಿದ್ದು ಈ ತಿರುಗಾಟದ ನಡುವೆ, ಒಂದು ಹೋಟೆಲ್ ಕೋಣೆಯಲ್ಲಿ. ತಾನು ಪ್ರೀತಿಸುತ್ತಿದ್ದ ಗಂಡಸಿಗೆ ಮದುವೆಯಾಗಿದೆ ಎಂದು ಅನಿತಾಗೆ ಗೊತ್ತಾಗಿತ್ತು. ಆ ನೋವಿನಲ್ಲಿ ಪದಗಳನ್ನು ಬರೆದರು. ಬಾನಿ ಜೊತೆಗೂಡಿ ಹಾಡು ಪೂರ್ತಿಯಾಯಿತು. ಕಟ್ಟುಕಥೆಯ ಪ್ರೀತಿ ಮುಗಿಯಿತು, ನಾನಿನ್ನು ಹೊರಟೆ ಎನ್ನುವ ಹೆಣ್ಣಿನ ಮಾತು ಅದರ ತಿರುಳು. ಗೋಳಾಟವಿಲ್ಲ; ಗಂಟುಮೂಟೆ ಕಟ್ಟಿಕೊಂಡವಳ ಸಮಾಧಾನ ಅದರಲ್ಲಿದೆ. ಕಂಟ್ರಿಯ ಮಟ್ಟಿನಲ್ಲಿ ಬಂದ ಹಾಡನ್ನು ಕಂಟ್ರಿಯ ಊರಿನಲ್ಲೇ ಮಾಡೋಣವೆಂದು ನಿರ್ಮಾಪಕ ಡೇವಿಡ್ ರೂಬಿನ್ಸನ್ ಅವರನ್ನು ನ್ಯಾಶ್‌ವಿಲ್‌ಗೆ ಕರೆದೊಯ್ದರು. ಹಿಮ್ಮೇಳದಲ್ಲಿ ಪಿಟೀಲು, ಸ್ಟೀಲ್ ಗಿಟಾರು. ಮುಮ್ಮೇಳದಲ್ಲಿ ಓಕ್‌ಲ್ಯಾಂಡ್ ಚರ್ಚಿನಲ್ಲಿ ಪಳಗಿದ ಕಂಠಗಳು. 1974ರ 'ದಟ್ಸ್ ಎ ಪ್ಲೆಂಟಿ' ಆಲ್ಬಂನಲ್ಲಿ ಅದು ಬಂತು.

ರೇಡಿಯೊದಲ್ಲಿ ಕೇಳಿದವರಿಗೆ ಬಣ್ಣ ಕಾಣುವುದಿಲ್ಲ. ಹಾಡು ಚೆನ್ನಾಗಿದೆ ಎಂದು ಅವರು ಮೆಚ್ಚಿದರು. ಆಪ್ರಿಯಿಂದ ಕರೆ ಬಂತು. ಕಪ್ಪು ಹೆಣ್ಣುಮಕ್ಕಳ ತಂಡವೊಂದು ಆ ವೇದಿಕೆ ಹತ್ತಿದ್ದು ಅದೇ ಮೊದಲು. ಪರದೆ ಸರಿದಾಗ ಸಭೆಯಲ್ಲಿ ಅಚ್ಚರಿಯ ಉದ್ಗಾರಗಳು ಕೇಳಿಬಂದವು. ಹಾಡು ಮುಗಿದ ಮೇಲೆ ಅದೇ ಜನ ಮತ್ತೊಮ್ಮೆ ಹಾಡಿ ಎಂದು ಒತ್ತಾಯಿಸಿ ಅದನ್ನೇ ಮತ್ತೆ ಹಾಡಿಸಿದರು. ಹೊರಗೆ ಮಾತ್ರ ಕೆಲವರು ಫಲಕ ಹಿಡಿದು ನಿಂತಿದ್ದರು. ಕಂಟ್ರಿಯನ್ನು ಕಂಟ್ರಿಯಾಗಿಯೇ ಉಳಿಸಿ ಎಂಬುದು ಅವರ ಬೇಡಿಕೆ.

ಇಲ್ಲಿ ಸ್ವಲ್ಪ ನಿಂತು ನ್ಯಾಯವಾಗಿ ಯೋಚಿಸಬೇಕು. ಆ ಫಲಕದ ಮಾತಿಗೆ ಎರಡು ಅರ್ಥ ಸಾಧ್ಯ. ಅದೇ ಅಕ್ಟೋಬರಿನಲ್ಲಿ ಕಂಟ್ರಿ ಸಂಗೀತದ ಸಂಘ ಆ ವರ್ಷದ ಶ್ರೇಷ್ಠ ಗಾಯಕಿ ಎಂದು ಒಲಿವಿಯಾ ನ್ಯೂಟನ್ ಜಾನ್ ಅವರನ್ನು ಆರಿಸಿತ್ತು. ಆಕೆ ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ಬಿಳಿಯ ಪಾಪ್ ಗಾಯಕಿ. ಇದನ್ನು ಸಹಿಸದ ಹಳಬರು ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ದಂಪತಿಗಳ ಮನೆಯಲ್ಲಿ ಸೇರಿ ಪ್ರತ್ಯೇಕ ಸಂಘವನ್ನೇ ಕಟ್ಟಿದರು. ಅಂದರೆ ಹೊರಗಿನವರು ಬಂದು ನಮ್ಮ ಅನ್ನ ಕಸಿಯುತ್ತಾರೆ ಎಂಬ ಭಯ ನ್ಯಾಶ್‌ವಿಲ್‌ನಲ್ಲಿ ಆಗ ಇದ್ದೇ ಇತ್ತು. ಆ ಭಯವನ್ನು ನಾವು ಸಾರಾಸಗಟಾಗಿ ತಿರಸ್ಕರಿಸಬೇಕಾಗಿಲ್ಲ. ತಮ್ಮ ಸಂಗೀತ ಪೇಟೆಯ ರುಚಿಗೆ ಕರಗಿಹೋದೀತು ಎಂಬ ಆತಂಕ ಎಲ್ಲ ದೇಶಗಳ ಹಾಡುಗಾರರಿಗೂ ಬರುತ್ತದೆ.

ಆದರೆ ಫಲಕಕ್ಕೆ ಎರಡು ಅರ್ಥ ಇರಬಹುದು, ಹಿಂಬಾಗಿಲಿಗೆ ಎರಡು ಅರ್ಥವಿಲ್ಲ. ಅಲ್ಲಿ ಯಾರೂ ಈ ಹೆಂಗಸರ ರಾಗವನ್ನಾಗಲಿ ತಾಳವನ್ನಾಗಲಿ ಕೇಳಿ ಅಳೆಯಲಿಲ್ಲ. ಮುಖ ನೋಡಿ ದಾರಿ ತೋರಿಸಿದರು. ಇನ್ನೊಂದು ವಿಚಿತ್ರವನ್ನೂ ಗಮನಿಸಿ. 'ಹೊರಗಿನವರು' ಎನ್ನಿಸಿಕೊಂಡ ಅನಿತಾ ಆ ಸಂಗೀತವನ್ನು ಕಲಿತದ್ದು ಆರ್ಕನ್ಸಾದಲ್ಲಿ. ಅದು ಟೆನೆಸೀ ರಾಜ್ಯಕ್ಕೆ ಪಕ್ಕದ ಮನೆ. ನಡುವೆ ಇರುವುದು ಮಿಸಿಸಿಪಿ ನದಿ ಮಾತ್ರ.

1975ರ ಮಾರ್ಚ್ 1ರಂದು ಗ್ರ್ಯಾಮಿ ಪ್ರಶಸ್ತಿಗಳು ಘೋಷಣೆಯಾದವು. ಕಂಟ್ರಿ ವಿಭಾಗದಲ್ಲಿ ಜೋಡಿ ಅಥವಾ ತಂಡದ ಶ್ರೇಷ್ಠ ಗಾಯನ ಪ್ರಶಸ್ತಿ 'ಫೇರಿಟೇಲ್'ಗೆ ಬಂತು. ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೇಶದ ಸಾಮಾನ್ಯ ಪಟ್ಟಿಯಲ್ಲಿ ಈ ಹಾಡು ತಲುಪಿದ ಸ್ಥಾನ 13. ಕಂಟ್ರಿ ಪಟ್ಟಿಯಲ್ಲಿ ತಲುಪಿದ್ದು 37. ಆ ವರ್ಷದ ಶ್ರೇಷ್ಠ ಕಂಟ್ರಿ ಗಾಯನ ಎಂದು ದೇಶದ ಸಂಗೀತವೃತ್ತಿಯವರು ಮತ ಹಾಕಿದ ಹಾಡಿಗೆ ಕಂಟ್ರಿಯವರ ಸ್ವಂತ ಪಟ್ಟಿಯಲ್ಲಿ ಸಿಕ್ಕ ಜಾಗ ಇದು. ಕೇಳುವವರು ಒಪ್ಪಿದರು, ಕೇಳಿಸುವವರು ಪೂರ್ತಿ ಒಪ್ಪಲಿಲ್ಲ ಎಂದಷ್ಟೇ ಇದನ್ನು ನಾನು ಓದುತ್ತೇನೆ.

ಇನ್ನು ಎಲ್ವಿಸ್ ವಿಷಯ. ಅದೇ ಮಾರ್ಚ್ ತಿಂಗಳಲ್ಲಿ ಎಲ್ವಿಸ್ ಪ್ರೀಸ್ಲಿ ಹಾಲಿವುಡ್ಡಿನ ಸ್ಟುಡಿಯೊದಲ್ಲಿ 'ಫೇರಿಟೇಲ್' ಹಾಡಿದ. 'ಟುಡೇ' ಎಂಬ ಆಲ್ಬಂನಲ್ಲಿ ಅದು ಬಂತು. 1977ರಲ್ಲಿ ತೀರಿಕೊಳ್ಳುವ ಮುನ್ನಿನ ಕಛೇರಿಗಳಲ್ಲೂ ಅದನ್ನು ಹಾಡುತ್ತಿದ್ದ. ಪಾದ್ರಿಯ ಮನೆಯಲ್ಲಿ ಹುಡುಗಿಯೊಬ್ಬಳಿಗೆ ಅಪ್ಪಣೆ ಸಿಕ್ಕಿದ್ದ ಆ ಒಂದು ರೆಕಾರ್ಡಿನ ಗಾಯಕ ಈಗ ಆ ಹುಡುಗಿಯ ಹಾಡನ್ನು ಹಾಡುತ್ತಿದ್ದ. ಎಲ್ವಿಸ್ ಕಪ್ಪು ಜನರ ಹಾಡಿನ ರೀತಿಯನ್ನು ಎತ್ತಿಕೊಂಡ ಎಂಬ ಮಾತು ಬಹಳ ಹಳೆಯದು. ಇಲ್ಲಿ ಮಾತ್ರ ಬರೆದವರ ಹೆಸರು ರೆಕಾರ್ಡಿನ ಮೇಲಿತ್ತು.

ಹಾಗಾದರೆ ಈ ಗೆಲುವಿನಿಂದ ಬಾಗಿಲು ತೆರೆಯಿತೇ? ಸೋದರಿಯರು 1975ರಲ್ಲಿ 'ಲಿವ್ ಯುವರ್ ಲೈಫ್ ಬಿಫೋರ್ ಯು ಡೈ' ಎಂಬ ಇನ್ನೊಂದು ಕಂಟ್ರಿ ಹಾಡು ತಂದರು. ಗ್ರ್ಯಾಮಿಗೆ ಅದರ ಹೆಸರೂ ಸೂಚಿತವಾಯಿತು, ಆದರೆ ಜನಪ್ರಿಯವಾಗಲಿಲ್ಲ. ಅದೇ ವರ್ಷ ಅವರ 'ಹೌ ಲಾಂಗ್' ಎಂಬ ಹಾಡು ಕಪ್ಪು ಕೇಳುಗರ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಯಾವ ಕಡೆ ರೇಡಿಯೊ ಇದೆ, ಯಾವ ಕಡೆ ಇಲ್ಲ ಎಂದು ಕಂಪನಿಗೆ ಅರ್ಥವಾಗಲು ಇಷ್ಟು ಸಾಕು. ಇದನ್ನು ಬರೀ ಅನ್ಯಾಯದ ಕಥೆಯಾಗಿ ಹೇಳಿದರೂ ತಪ್ಪಾಗುತ್ತದೆ. ಒಂದೇ ಕಪಾಟಿನಲ್ಲಿ ಕೂರುವುದು ಈ ಸೋದರಿಯರಿಗೂ ಬೇಕಿರಲಿಲ್ಲ. ಆದರೆ ಬೇಡವೆಂದು ಬಿಡುವುದಕ್ಕೂ ಸಿಗದೆ ಬಿಡುವುದಕ್ಕೂ ವ್ಯತ್ಯಾಸವಿದೆಯಲ್ಲ?

ನಾಲ್ವರ ಒಗ್ಗಟ್ಟೂ ಉಳಿಯಲಿಲ್ಲ. 1977ರ ಹೊತ್ತಿಗೆ ಬಾನಿ ಒಂಟಿಯಾಗಿ ಹಾಡುವುದಕ್ಕೆ ಹೊರಟರು. ಉಳಿದ ಮೂವರು ವೇಷ ಕಳಚಿ, ರಿಚರ್ಡ್ ಪೆರಿ ಎಂಬ ನಿರ್ಮಾಪಕರ ಜೊತೆ ಹೊಸ ದಾರಿ ಹಿಡಿದರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬರೆದ 'ಫೈರ್' 1979ರಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಆಮೇಲೆ 'ಸ್ಲೋ ಹ್ಯಾಂಡ್', 'ಆಟೊಮ್ಯಾಟಿಕ್', 'ಜಂಪ್'. 1985ರಲ್ಲಿ ಇನ್ನೆರಡು ಗ್ರ್ಯಾಮಿ. ಅದೇ ವರ್ಷ ಇಥಿಯೋಪಿಯದ ಬರಗಾಲ ಸಂತ್ರಸ್ತರಿಗಾಗಿ ಅಮೆರಿಕದ ಕಲಾವಿದರು ಸೇರಿ ಹಾಡಿದ 'ವಿ ಆರ್ ದಿ ವರ್ಲ್ಡ್' ಮೇಳದಲ್ಲಿ ಮೂವರೂ ಇದ್ದರು. ಖ್ಯಾತಿಯ ಜೊತೆಗೆ ಅದರ ತೆರಿಗೆಯೂ ಬಂತು. ಕಿರಿಯರಾದ ಜೂನ್ ಬಹುಕಾಲ ಮಾದಕವಸ್ತುವಿನ ಚಟದೊಡನೆ ಹೋರಾಡಿದರು.

ಈ ವರ್ಷಗಳಲ್ಲೂ ಕಂಟ್ರಿಯ ಎಳೆ ಕಡಿಯಲಿಲ್ಲ. 1981ರಲ್ಲಿ ಇವರು ಹಾಡಿದ 'ಸ್ಲೋ ಹ್ಯಾಂಡ್' ಹಾಡನ್ನು ಮಾರನೆಯ ವರ್ಷ ಕಾನ್ವೇ ಟ್ವಿಟಿ ಎಂಬ ಬಿಳಿಯ ಕಂಟ್ರಿ ಗಾಯಕ ಹಾಡಿದಾಗ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಹಾಡು ಅದೇ, ಕಂಠ ಬೇರೆ. ಹಾಡಿಗೆ ಗಡಿ ದಾಟಲು ರಹದಾರಿ ಬೇಕಾಗಲಿಲ್ಲ, ಹಾಡುವವರಿಗೆ ಬೇಕಾಯಿತು. 1986ರಲ್ಲಿ ಅನಿತಾ, ಅರ್ಲ್ ಥಾಮಸ್ ಕಾನ್ಲೀ ಎಂಬ ಕಂಟ್ರಿ ಗಾಯಕನ ಜೊತೆ ಯುಗಳಗೀತೆ ಹಾಡಿದಾಗ ಅದು ಅದೇ ಪಟ್ಟಿಯಲ್ಲಿ ಎರಡನೇ ಸ್ಥಾನ ತಲುಪಿತು. ಒಬ್ಬರು ಕೈಹಿಡಿದು ಒಳಗೆ ಕರೆದೊಯ್ದರೆ ಬಾಗಿಲು ತೆರೆಯುತ್ತಿತ್ತು ಎಂದಾಯಿತು. 1994ರಲ್ಲಿ ಕಂಟ್ರಿಯವರನ್ನೂ ಸೋಲ್ ಗಾಯಕರನ್ನೂ ಜೋಡಿಜೋಡಿಯಾಗಿ ಹಾಡಿಸಿದ ಒಂದು ಆಲ್ಬಂ ಬಂದಾಗ, ಕ್ಲಿಂಟ್ ಬ್ಲ್ಯಾಕ್ ಜೊತೆಗೆ ಈ ಸೋದರಿಯರೂ ಅದರಲ್ಲಿದ್ದರು.

ಜೂನ್ 2006ರಲ್ಲಿ, ಬಾನಿ 2020ರಲ್ಲಿ ತೀರಿಕೊಂಡರು. 2020ರಲ್ಲೇ ಅನಿತಾ ತಮ್ಮ ಅಣ್ಣ ಫ್ರಿಟ್ಜ್ ಜೊತೆ ಮನೆತನದ ಕಥೆಯನ್ನು ಪುಸ್ತಕವಾಗಿ ತಂದರು. ಇಟ್ಟ ಹೆಸರು 'ಫೇರಿಟೇಲ್'. ಅಷ್ಟೆಲ್ಲ ದೊಡ್ಡ ಯಶಸ್ಸುಗಳಿದ್ದರೂ ಹೆಸರಿಡುವಾಗ ಕೈಗೆ ಬಂದದ್ದು ಈ ಹಾಡು. 2022ರ ಡಿಸೆಂಬರ್ 31ರಂದು ಅವರೂ ಹೋದರು. ಹಿರಿಯಕ್ಕ ರೂತ್ ಮಗಳು ಹಾಗೂ ಮೊಮ್ಮಗಳನ್ನು ಕೂಡಿಕೊಂಡು ತಂಡವನ್ನು ಮುಂದುವರಿಸಿದ್ದರು.

2025ರ ಫೆಬ್ರವರಿಯಲ್ಲಿ ಬಿಯಾನ್ಸೆ ತನ್ನ 'ಕೌಬಾಯ್ ಕಾರ್ಟರ್' ಆಲ್ಬಂಗೆ ಕಂಟ್ರಿ ಗ್ರ್ಯಾಮಿ ಪಡೆದಾಗ ಪತ್ರಿಕೆಗಳು ಹಳೆಯ ಕಡತ ತೆಗೆದವು. ಸೋದರಿಯರ ಆ ಪ್ರಶಸ್ತಿಗೆ ಆಗ ಐವತ್ತು ವರ್ಷ. ಬಿಯಾನ್ಸೆಯ ಆಲ್ಬಂನಲ್ಲಿ ಲಿಂಡಾ ಮಾರ್ಟೆಲ್ ಎಂಬ ವೃದ್ಧೆಯ ಧ್ವನಿ ಇದೆ. 1969ರಲ್ಲಿ ಆಪ್ರಿ ವೇದಿಕೆಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆ ಅವರು. ಒಂದೇ ಒಂದು ಆಲ್ಬಂ ಬಂದು, ದಾರಿ ಮುಚ್ಚಿ, ಅವರು ಸಂಗೀತದ ಪೇಟೆಯಿಂದ ಹೊರಗೇ ಉಳಿದಿದ್ದರು. ಪ್ರತಿ ಸಲವೂ 'ಇವರೇ ಮೊದಲು' ಎಂದು ನಾವು ಚಪ್ಪಾಳೆ ತಟ್ಟುತ್ತೇವೆ. ಮೊದಲನೆಯವರು ಬಂದು ಐವತ್ತು ವರ್ಷವಾದ ಮೇಲೂ ಎರಡನೆಯವರು ಯಾರು ಎಂದು ಹುಡುಕಬೇಕಾದರೆ, ತೆರೆದದ್ದು ಬಾಗಿಲಲ್ಲ, ಕಿಟಕಿಯ ಒಂದು ಸರಳು ಅಷ್ಟೇ.

ಡಿಫೋರ್ಡ್ ಬೇಲಿಯ ಕಥೆಯ ಉಳಿದ ಭಾಗ ಹೇಳಿ ಮುಗಿಸುತ್ತೇನೆ. 1974ರ ಡಿಸೆಂಬರಿನಲ್ಲಿ, ಅಂದರೆ ಪಾಯಿಂಟರ್ ಸೋದರಿಯರು ಹಾಡಿ ಹೋದ ಎರಡು ತಿಂಗಳಿಗೆ, ಎಪ್ಪತ್ತೈದು ತುಂಬಿದ ಬೇಲಿಯನ್ನು ಆಪ್ರಿ ಮತ್ತೆ ಕರೆದು ನುಡಿಸಿತು. ಕಂಟ್ರಿಯ ಗೌರವಮಂದಿರದಲ್ಲಿ ಅವನ ಹೆಸರು ಸೇರಿದ್ದು 2005ರಲ್ಲಿ. ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ.

ಮನೆಗೆ ಹೋದ ಮೇಲೆ ಸಾಧ್ಯವಾದರೆ 'ಫೇರಿಟೇಲ್' ಕೇಳಿ. ಮೊದಲು ಅದರ ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಕೇಳಿ, ಆಮೇಲೆ ಆ ಹೆಣ್ಣುಮಕ್ಕಳ ಕಂಠವನ್ನು ಕೇಳಿ. ಹಾಡಿದವರ ಚಿತ್ರವನ್ನು ಕೊನೆಗೆ ನೋಡಿ.